ದಫೇದಾರ್ ದೇವೀರಪ್ಪನವರ ಹಾಲಿ ವಾಸ

ಕಾಗದದ ಮೂಲಕ ತಿಳಿಸದ ಹೊರತು ಯಾವ ಪಿಂಚಣಿದಾರನೂ ಸತ್ತಂತೆ ಆಗತಕ್ಕದ್ದಲ್ಲ. ಅರಸೀಕೆರೆಯಲ್ಲಿದ್ದ ಪಿಂಚಣಿ ಬಾಕಿ ವಿಲೇವಾರಿ ಕಚೇರಿಯ ನಲವತ್ತೊಂದನೇ ನಿಯಮ ಇದು. ಆ ಕಚೇರಿಯಲ್ಲಿ ನಾನು, ಅಂದರೆ ಇಂದುಧರ, ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಒಂದು ನಿಯಮವನ್ನೂ ಮೀರಿದವನಲ್ಲ. ಮುಂದಿನದನ್ನು ಓದಿ ನಗುವವರಿಗೆ ಕಚೇರಿ ಕೆಲಸದ ಅನುಭವ ಕಡಿಮೆ ಎಂದು ತಿಳಿದು ಅವರನ್ನು ಈಗಲೇ ಕ್ಷಮಿಸಿಬಿಟ್ಟಿದ್ದೇನೆ.

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿ ಜನವರಿಯಲ್ಲಿ ನಮ್ಮ ಕಚೇರಿಯ ನಿವೃತ್ತ ದಫೇದಾರ್ ದೇವೀರಪ್ಪನವರು ತೀರಿಕೊಂಡರು. ಮನುಷ್ಯನಾಗಿ ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಗಲು ಕೊಟ್ಟಿದ್ದೆ, ಒಂದು ಹಿಡಿ ಮಣ್ಣು ಹಾಕಿದ್ದೆ, ಹನ್ನೊಂದನೇ ದಿನ ಅವರ ಮನೆಯಲ್ಲಿ ಕೂತು ನಾಲ್ಕು ಹೋಳಿಗೆ ತಿಂದಿದ್ದೆ. ಗುಮಾಸ್ತನಾಗಿ ಮಾತ್ರ ನನಗೆ ಏನೂ ಗೊತ್ತಿರಲಿಲ್ಲ. ಕಚೇರಿಯ ಮೆಟ್ಟಿಲು ಹತ್ತುವಾಗ ಚಪ್ಪಲಿಯ ಜೊತೆಗೆ ಇಂಥ ತಿಳಿವಳಿಕೆಯನ್ನೂ ಹೊರಗೆ ಬಿಟ್ಟು ಬರುವುದು ನಮ್ಮಲ್ಲಿ ರೂಢಿ.

ದೇವೀರಪ್ಪನವರ ಪಿಂಚಣಿ ತಿಂಗಳಿಗೆ ಏಳೂವರೆ ರೂಪಾಯಿ. ಕೊನೆಯ ಐದು ತಿಂಗಳದ್ದು ಕೊಟ್ಟಿರಲಿಲ್ಲ. ಪಿಂಚಣಿದಾರ ಪ್ರತಿ ತಿಂಗಳೂ ಖುದ್ದು ಬಂದು, ಸೂಪರಿಂಟೆಂಡೆಂಟರ ಮುಂದೆ ನಿಂತು, "ನಾನು ಬದುಕಿದ್ದೇನೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಪಾರ್ಶ್ವವಾಯು ಹೊಡೆದು ಮಲಗಿದ್ದ ದೇವೀರಪ್ಪನವರು, ಬದುಕಿದ್ದೇನೆಂದು ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದ್ದರು. ಪಕ್ಕದ ಮನೆಯವರು ಬದುಕಿರುವುದು ಸಾಬೀತಾಯಿತು. ದೇವೀರಪ್ಪನವರದು ಆಗಲಿಲ್ಲ. ಹೀಗಾಗಿ ಮೂವತ್ತೇಳೂವರೆ ರೂಪಾಯಿ ಬಾಕಿ ನಿಂತಿತು.

ಅವರ ಹೆಂಡತಿ ರುದ್ರಮ್ಮನವರಿಗೆ ಆ ಹಣ ತುರ್ತಾಗಿ ಬೇಕಾಗಿತ್ತು. ಅಡುಗೆ ಮನೆಯ ಮೇಲೆ ಹೊದಿಸಿದ್ದ ತೆಂಗಿನ ಗರಿ ಕುಸಿದು ಒಲೆಯ ಮೇಲೆ ಬಿದ್ದಿತ್ತು. ರೈಲ್ವೆ ಗೂಡ್ಸ್ ಶೆಡ್ಡಿನ ಹತ್ತಿರದ ಹೆಂಚಿನ ಮಂಡಿಯವನು ನಾಲ್ಕು ನೂರು ಮಂಗಳೂರು ಹೆಂಚು ಎತ್ತಿಟ್ಟು, ಮುಂಗಾರು ಹಿಡಿಯುವವರೆಗೆ ಕಾಯುತ್ತೇನೆ, ಆಮೇಲೆ ಯಾರು ಕಾಸು ಕೊಟ್ಟರೆ ಅವರಿಗೆ, ಎಂದಿದ್ದ. ಮನೆಯಲ್ಲಿದ್ದದ್ದು ಇಬ್ಬರೇ: ರುದ್ರಮ್ಮ, ಮತ್ತು ದೇವೀರಪ್ಪನವರ ಅಕ್ಕ ಬಸಮ್ಮ. ಆ ಮನೆಯಲ್ಲಿ ಬಸಮ್ಮನವರ ಮಾತೇ ಕಾನೂನು. ಹಾಲು ಯಾವಾಗ ಹೆಪ್ಪು ಹಾಕಬೇಕೆಂಬುದನ್ನೂ ಅವರೇ ತೀರ್ಮಾನಿಸುತ್ತಿದ್ದರು.

ಫೆಬ್ರವರಿಯಲ್ಲಿ ರುದ್ರಮ್ಮನವರು ಕಚೇರಿಗೆ ಬಂದು, ಜಗಲಿಯಲ್ಲಿ ಕೂತು ಅರ್ಜಿ ಬರೆಯುತ್ತಿದ್ದ ಮರುಳಪ್ಪನ ಮುಂದೆ ಕೂತರು. ಕಿಟಕಿಯಿಂದ ನನಗೆ ಎಲ್ಲವೂ ಕೇಳುತ್ತಿತ್ತು.

"ಒಂಬತ್ತನೇ ನಮೂನೆ ಕಣಮ್ಮ ಇದು," ಎಂದ ಮರುಳಪ್ಪ. "'ಮೃತರಾದ ದೇವೀರಪ್ಪನವರ ವಾರಸುದಾರಳಾದ' ಅಂತ ಶುರು ಮಾಡ್ತೀನಿ."

"ಮುರುತ ಅಂದ್ರೇನು?"

"ಸತ್ತೋದ ಅಂತ."

ರುದ್ರಮ್ಮ ಎದ್ದು ನಿಂತರು. "ಅಂಥ ಮಾತ ಅವರಿಗೆ ಅಂತೀಯಾ? ನಾಯಿ ನರಿಗೆ ಅನ್ನೋ ಮಾತು. ನಲವತ್ತೊರ್ಸ ಅವರ ಹೆಸರೇ ನನ್ ಬಾಯಾಗೆ ಬಂದಿಲ್ಲ, ಈಗ ಈ ಮಾತ್ ಬರ್ಸಿ ಹೆಬ್ಬೆಟ್ಟು ಒತ್ಲಾ?"

"ಎಲ್ಲರೂ ಹಂಗೇ ಬರ್ಸೋದಮ್ಮ. ಬರೀ ಕಾಗ್ದದ ಮಾತು."

"ನಾನು ಬರ್ಸಕಿಲ್ಲ. ಶಿವನ ತಾವ ಹೋದ್ರು ಅಂತ ಬರಿ. ಇದ್ದದ್ದ ಬರಿ."

ಮರುಳಪ್ಪ ಅನುಭವಸ್ಥ. ಕೊಂಚ ಹೊತ್ತು ಲೇಖನಿಯಿಂದ ಕಿವಿ ಕೆರೆದುಕೊಂಡು, ಗೌರವಕ್ಕೂ ಸರಿ, ಕಚೇರಿಗೂ ಸರಿ ಎಂದು "ಕೈಲಾಸವಾಸಿಗಳಾದ ದೇವೀರಪ್ಪನವರ ಧರ್ಮಪತ್ನಿ ರುದ್ರಮ್ಮನ ಅರಿಕೆ" ಎಂದು ದುಂಡಗೆ ಬರೆದ. ರುದ್ರಮ್ಮ ಓದಿಸಿ ಕೇಳಿ, ತಲೆಯಾಡಿಸಿ, ಹೆಬ್ಬೆಟ್ಟು ಒತ್ತಿದರು.

ಅರ್ಜಿ ನನ್ನ ಮೇಜಿಗೆ ಬಂತು. ಅರ್ಜಿಯಲ್ಲಿನ ಪದಗಳಿಗೆ ನೇರವಾದ ಅರ್ಥವನ್ನೇ ಮಾಡತಕ್ಕದ್ದು, ಗುಮಾಸ್ತನು ತನ್ನ ಸ್ವಂತ ತಿಳಿವಳಿಕೆಯನ್ನು ಸೇರಿಸತಕ್ಕದ್ದಲ್ಲ ಎಂಬ ನಿಯಮವಿದೆ. ನಗರವಾಸಿ ಎಂದರೆ ನಗರದಲ್ಲಿ ಇರುವವನು. ಕೈಲಾಸವಾಸಿ ಎಂದರೆ ಕೈಲಾಸದಲ್ಲಿ ಇರುವವನು. ಸತ್ತವರ ಬಾಕಿಗೆ ಸಂಬಂಧಿಸಿದ ಒಂಬತ್ತನೇ ನಮೂನೆ ಇದಕ್ಕೆ ಹೊಂದುತ್ತಿರಲಿಲ್ಲ. ವಾಸ ಬದಲಾಯಿಸಿದವರಿಗೆ ಆರನೇ ನಮೂನೆ ಇತ್ತು. ಅದನ್ನು ತೆಗೆದು ಏಳನೇ ಕಲಮಿನಲ್ಲಿ, "ಹಾಲಿ ವಾಸ: ಕೈಲಾಸ" ಎಂದು ತುಂಬಿ ಸೂಪರಿಂಟೆಂಡೆಂಟರ ಕಡೆಗೆ ಕಳಿಸಿದೆ.

ಸೂಪರಿಂಟೆಂಡೆಂಟ್ ಚನ್ನಕೇಶವಯ್ಯನವರು ಬೇಲೂರಿನವರು, ದೊಡ್ಡ ರುಮಾಲಿನ ಗಂಭೀರ ಮನುಷ್ಯ. ಇಪ್ಪತ್ತೆರಡು ವರ್ಷ ಅವರ ಕೋಣೆಯ ಬಾಗಿಲಲ್ಲಿ ನಿಂತವರು ಇದೇ ದೇವೀರಪ್ಪನವರು.

"ಇಂದುಧರ, ಹೇಳದೆ ಕೇಳದೆ ವಾಸ ಬದಲಾಯಿಸಿದ್ದಾನಲ್ಲಯ್ಯ ಇವನು," ಎಂದರು.

"ಅವಸರದಲ್ಲಿ ಹೊರಟರು ಸ್ವಾಮಿ."

"ಈ ಕೈಲಾಸ ಯಾವ ತಾಲ್ಲೂಕಿಗೆ ಸೇರಿದ್ದು? ಸಂಸ್ಥಾನದ ಒಳಗೋ ಹೊರಗೋ? ಹೊರಗಾದರೆ ಪಿಂಚಣಿ ಕೊಡೋ ಹಾಗಿಲ್ಲ. ವಿಚಾರಿಸಿ ವರದಿ ಮಾಡು."

ನಾನು ಮೊದಲು ರೈಲ್ವೆ ಸ್ಟೇಷನ್ನಿಗೆ ಬರೆದೆ. ಕೈಲಾಸ ಎಂಬ ಹೆಸರಿನ ಸ್ಟೇಷನ್ನಿಗೆ ತಾವು ಟಿಕೆಟ್ಟು ಕೊಡುವುದಿಲ್ಲವೆಂದೂ, ಗಾಡಿಯ ಬಾಗಿಲಲ್ಲಿ ಜೋತಾಡಿಕೊಂಡು ಹೋಗುವ ಕೆಲವರು ಟಿಕೆಟ್ಟಿಲ್ಲದೆಯೇ ಅಲ್ಲಿಗೆ ತಲುಪುತ್ತಿರುವರೆಂದೂ ಉತ್ತರ ಬಂತು. ಆಮೇಲೆ ನಮ್ಮ ಕಚೇರಿಯ ಸರ್ವೇದಾರ ಮರಿಯಣ್ಣನನ್ನು ಸರಪಳಿ, ಬಾವುಟ, ಹದಿನೈದು ದಿನದ ಭತ್ಯದೊಂದಿಗೆ ಹುಡುಕಲು ಕಳಿಸಲಾಯಿತು. ಅವನು ಹದಿನಾಲ್ಕು ದಿನ ಕಣಕಟ್ಟೆಯ ತನ್ನ ಮಾವನ ಮನೆಯಲ್ಲಿ ಎಳನೀರು ಕುಡಿಯುತ್ತ ವಿಚಾರಣೆ ನಡೆಸಿ, ಹದಿನೈದನೇ ದಿನ ಕೈಲಾಸವನ್ನು ಪತ್ತೆ ಮಾಡಿದ. ಅವನ ವರದಿ ಹೀಗಿತ್ತು:

"ಕೈಲಾಸವು ಬೇಲೂರು ತಾಲ್ಲೂಕು ಹಳೇಬೀಡಿನ ದೇವಸ್ಥಾನದ ಹೊರಗೋಡೆಯಲ್ಲಿ ಇರುತ್ತದೆ. ಪೂರಾ ಕಲ್ಲಿನದು. ಮೇಲ್ಗಡೆ ಶಿವ ಪಾರ್ವತಿಯರು ಖಾಯಂ ವಾಸವಾಗಿದ್ದಾರೆ. ಪರಿವಾರ ಬಹಳ, ಜನಗಣತಿ ಆದಂತೆ ಕಾಣುವುದಿಲ್ಲ. ರಾವಣ ಎಂಬ ಆಸಾಮಿ ಯಾವ ಪರವಾನಗಿಯೂ ಇಲ್ಲದೆ ಸದರಿ ಬೆಟ್ಟವನ್ನು ಬುಡಸಮೇತ ಎತ್ತುತ್ತಿರುವುದು ಕಂಡುಬಂತು. ನೋಟೀಸು ಜಾರಿ ಮಾಡಲು ಹೋದಾಗ ಆಸಾಮಿಗೆ ತಲೆಗಳು ಹಲವಿದ್ದು, ಯಾವ ತಲೆಗೆ ಕೊಡಬೇಕೆಂದು ತಿಳಿಯದೆ ವಾಪಸು ಬಂದಿರುತ್ತೇನೆ."

ಈ ವರದಿ ಕಚೇರಿಯಲ್ಲಿ ಹರ್ಷವನ್ನುಂಟುಮಾಡಿತು. ಕೈಲಾಸ ಸಂಸ್ಥಾನದ ಒಳಗೇ ಇತ್ತು, ಅದೂ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರ. ಚನ್ನಕೇಶವಯ್ಯನವರಿಗೆ ಒಂದೇ ಸಂಶಯ: ಎತ್ತಿ ಒಯ್ಯಬಹುದಾದ ಬೆಟ್ಟವನ್ನು ಸ್ಥಿರಾಸ್ತಿ ಎನ್ನಬಹುದೇ? ನಾನು ಎರಡು ದಿನ ಹಳೆಯ ಕಡತಗಳನ್ನು ತೆಗೆದು ನೋಡಿ, ಎತ್ತುವ ಕೆಲಸ ನಡೆಯುತ್ತಿದೆಯೇ ಹೊರತು ಮುಗಿದಿಲ್ಲ, ಮುಗಿಯದ ಕೆಲಸವನ್ನು ಸರ್ಕಾರ ಎಂದೂ ಲೆಕ್ಕಕ್ಕೆ ತೆಗೆದುಕೊಂಡ ಉದಾಹರಣೆ ಇಲ್ಲ, ಎಂದು ಟಿಪ್ಪಣಿ ಬರೆದೆ. ಒಪ್ಪಿದರು. ಬೆಟ್ಟದ ಮೇಲೆ ವಾಸ ಮಾಡುವವರಿಗೆ ಚಳಿಯ ಬಾಬ್ತು ತಿಂಗಳಿಗೆ ಒಂದೂ ಕಾಲು ರೂಪಾಯಿ ಗಿರಿಭತ್ಯ ಕೊಡಬೇಕೆಂದೂ ಅದೇ ಉಸಿರಿನಲ್ಲಿ ಬರೆದರು.

ಇನ್ನು ಉಳಿದದ್ದು ಒಂದೇ. ಪಿಂಚಣಿದಾರ ಬರಲಾರದಷ್ಟು ದೂರದಲ್ಲಿದ್ದರೆ ಅಧಿಕಾರಿಯೇ ಅವನಿದ್ದಲ್ಲಿಗೆ ಹೋಗಿ, ಹತ್ತಿರದ ಸಂಬಂಧಿಕರಿಬ್ಬರಿಂದ ಗುರುತು ಹಿಡಿಸಿ, ಬದುಕಿರುವನೆಂದು ಷರಾ ಬರೆಯಬೇಕು. ಮೇ ತಿಂಗಳ ಕೊನೆಯ ವಾರ ಚನ್ನಕೇಶವಯ್ಯ, ನಾನು, ರುದ್ರಮ್ಮ, ಬಸಮ್ಮ ನಾಲ್ವರೂ ಬೆಳಗಿನ ಬಸ್ಸು ಹತ್ತಿದೆವು. ಮೋಡ ಕಟ್ಟಿತ್ತು. ಹೆಂಚಿನ ಮಂಡಿಯವನು ಹಿಂದಿನ ಸಂಜೆಯೇ ಬಂದು, ನಾಳೆ ನಾಳಿದ್ದರಲ್ಲಿ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದು ಹೇಳಿಹೋಗಿದ್ದ.

ಬಸ್ಸಿನಲ್ಲಿ ಬಸಮ್ಮ ದಾರಿಯುದ್ದಕ್ಕೂ ಗೊಣಗಿದರು. "ಸತ್ತೋನ್ನ ನೋಡಾಕೆ ಬಸ್ ಚಾರ್ಜ್ ಕೊಟ್ಟು ಓಗ್ತಾ ಇದೀವಲ್ಲ. ಒಂದ್ ಮಾತು ಅಂದು ಕಾಸು ಈಸ್ಕಂಡಿದ್ರೆ ಇಷ್ಟೊತ್ಗೆ ಮಾಡು ಹೊದ್ಸಾಗಿರೋದು. ಇವಳ ಹಟ ಇದ್ಯಲ್ಲ."

ರುದ್ರಮ್ಮ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದರು.

ದೇವಸ್ಥಾನದ ಮುಂದೆ ಇಳಿದಾಗ ಚನ್ನಕೇಶವಯ್ಯನವರು ನನ್ನ ಕೈಯಿಂದ ಒಂಬತ್ತನೇ ನಮೂನೆ ಇಸಕೊಂಡರು. ಕೋಟಿನ ಒಳಜೇಬಿನಿಂದ ಮೂವತ್ತೇಳೂವರೆ ರೂಪಾಯಿಯ ಪೊಟ್ಟಣವನ್ನೂ ತೆಗೆದರು. ಇಂಥ ಔದಾರ್ಯವನ್ನು ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ.

"ನೋಡಿಯಮ್ಮ," ಎಂದರು, "ಒಳಗೆ ಹೋದಮೇಲೆ ಗುರುತು ಸಿಗದಿದ್ದರೆ ಎರಡೂ ಇಲ್ಲ. ಆರನೇ ನಮೂನೆ ಬಿದ್ದುಹೋಗುತ್ತೆ, ಒಂಬತ್ತನೇದೂ ಅವಧಿ ಮೀರುತ್ತೆ. ಈಗಲೇ ಆ ಒಂದು ಮಾತು ಹೇಳಿಬಿಡಿ. ಇಲ್ಲೇ ಕೊಟ್ಟುಬಿಡ್ತೀನಿ."

ರುದ್ರಮ್ಮನವರು ಪೊಟ್ಟಣವನ್ನು ನೋಡಿದರು, ಮೇಲೆ ಮೋಡವನ್ನು ನೋಡಿದರು. ಬಸಮ್ಮ ಸೊಂಟಕ್ಕೆ ತಿವಿದರು. ನನಗೆ ಆಗ ಬಹಳ ಸಂಕಟವಾಯಿತು. ಹೇಳಿಬಿಡಿ ತಾಯಿ ಎಂದು ಬಾಯಿತುದಿಗೆ ಬಂದಿತ್ತು. ಕಚೇರಿಯ ವೇಳೆಯಾದ್ದರಿಂದ ನುಂಗಿಕೊಂಡೆ.

"ಮಳೆ ಬಂದ್ರೆ ನೆಂದ್ಕತೀನಿ ಬುದ್ದಿ," ಎಂದರು ರುದ್ರಮ್ಮ. "ಆ ಮಾತು ಒಂದ್ಕಿತ ಆಡಿದ್ರೆ ಆಮೇಲೆ ದಿನಾ ಮನೇಲಿ ಕೇಳಿಸ್ತಾ ಇರ್ತದೆ. ನಡೀರಿ, ನೋಡನ."

ಗೋಡೆಯ ಮುಂದೆ ನಿಂತೆವು. ಮರಿಯಣ್ಣನ ವರದಿ ಸರಿಯಾಗಿತ್ತು. ಬೆಟ್ಟ ಇತ್ತು, ರಾವಣ ಇದ್ದ, ಎತ್ತುವ ಕೆಲಸ ನಡೆಯುತ್ತಲೇ ಇತ್ತು. ಮೇಲೆ ಶಿವನ ಸುತ್ತ ಕೈಯಗಲ, ಗೇಣುದ್ದದ ಆಳುಗಳು ಕಿಕ್ಕಿರಿದಿದ್ದರು. ನಾನು ಪಿಂಚಣಿ ಪುಸ್ತಕ ತೆರೆದು ಗುರುತಿನ ಚಿಹ್ನೆ ಓದಿದೆ: "ಎಡಗಿವಿ ಹರಿದಿದೆ." ಅಲ್ಲಿದ್ದವರಲ್ಲಿ ಹನ್ನೆರಡು ಜನಕ್ಕೆ ಎಡಗಿವಿ ಹರಿದಿತ್ತು, ಆರು ಜನಕ್ಕೆ ತಲೆಯೇ ಹೋಗಿತ್ತು. ಚನ್ನಕೇಶವಯ್ಯನವರು ಗಡಿಯಾರ ನೋಡಿಕೊಂಡರು.

ರುದ್ರಮ್ಮ ಒಂದೊಂದೇ ಮುಖವನ್ನು ನೋಡುತ್ತ ಮೆಲ್ಲಗೆ ಸರಿದರು. ಕೊನೆಗೆ ಅಂಚಿನಲ್ಲಿ ನಿಂತುಬಿಟ್ಟರು. ಅಲ್ಲಿ ಒಬ್ಬ ಗಿಡ್ಡ ಆಳು, ಕೋಲು ಊರಿಕೊಂಡು, ಭಾರವನ್ನೆಲ್ಲ ಒಂದು ಕಾಲ ಮೇಲೆ ಬಿಟ್ಟು ನಿಂತಿದ್ದ. ಎಲ್ಲರೂ ಶಿವನ ಕಡೆ ನೋಡುತ್ತಿದ್ದರೆ ಇವನೊಬ್ಬ ಹೊರಗೆ, ಬರುವವರ ಕಡೆಗೆ ನೋಡುತ್ತಿದ್ದ.

"ಅಲ್ಲೂ ಬಾಗ್ಲು ಕಾಯ್ತಾವ್ರೆ," ಎಂದರು ರುದ್ರಮ್ಮ. "ಒಸಿ ಕುಂತ್ಕಳಿ ಅನ್ನೋರಿಲ್ಲ." ಆಮೇಲೆ ಸೆರಗಿನಿಂದ ಆ ಕಲ್ಲಿನ ಮೊಣಕಾಲ ಮೇಲಿನ ಧೂಳನ್ನು ಒರೆಸಿದರು. ಅಳುತ್ತಿದ್ದರು. ಗುರುತು ಹಿಡಿಯುವಾಗ ಸಾಕ್ಷಿ ಅತ್ತರೆ ಏನು ಬರೆಯಬೇಕೆಂಬುದಕ್ಕೆ ನಿಯಮ ಇರಲಿಲ್ಲ.

ಎರಡನೇ ಸಾಕ್ಷಿ ಬಸಮ್ಮನವರು. ಅವರು ಮುಂದೆ ಬಂದು, ಮೂಗಿನ ತುದಿ ಕಲ್ಲಿಗೆ ತಾಗುವಷ್ಟು ಹತ್ತಿರ ನೋಡಿದರು. ಇಲ್ಲ ಎನ್ನುತ್ತಾರೆಂದು ನಾನು ಕಾಗದ ಮಡಿಸಲು ಶುರುಮಾಡಿದ್ದೆ.

"ನಮ್ ದೇವೀರನೇ," ಎಂದರು ಬಸಮ್ಮ. "ಸಣ್ಣೋನಿದ್ದಾಗ್ಲಿಂದ ಹಿಂಗೇ. ನೆಟ್ಟಗೆ ನಿಂತ್ಕಳಲೇ ಅಂತ ಎಷ್ಟ್ ಸಲ ಬೈದಿವ್ನಿ. ಅಪ್ಪನೂ ಬೈತಿತ್ತು." ಅಷ್ಟು ಹೇಳಿ ಕಂಬದ ಆಚೆ ಹೋಗಿ ಬೆನ್ನು ತಿರುಗಿಸಿ ಕೂತರು.

ಇಪ್ಪತ್ತೆರಡು ವರ್ಷ ಆ ನಿಲುವನ್ನು ಕೋಣೆಯ ಒಳಗಿನಿಂದ ಕಂಡಿದ್ದ ಚನ್ನಕೇಶವಯ್ಯನವರು ರುಮಾಲು ಸರಿಮಾಡಿಕೊಂಡು, "ಕುಳಿತುಕೋ ದೇವೀರಪ್ಪ," ಎಂದರು. ಉತ್ತರ ಬರದಿದ್ದುದರಿಂದ ಷರಾ ಬರೆಯಿಸಿದರು: "ಪಿಂಚಣಿದಾರರನ್ನು ಖುದ್ದು ನೋಡಿದೆ. ಆರೋಗ್ಯವಾಗಿದ್ದಾರೆ. ಮಾತು ಕಡಿಮೆ. ಅಲ್ಲಿ ಯಾವುದೋ ಉದ್ಯೋಗದಲ್ಲಿರುವಂತೆ ತೋರುತ್ತದೆ, ಸಂಬಳ ಬರುತ್ತಿದ್ದರೆ ಪಿಂಚಣಿಯಲ್ಲಿ ಕಳೆಯಬೇಕಾಗಬಹುದು." ಉದ್ಯೋಗ ಗೌರವಾರ್ಥವಾದದ್ದು ಎಂದು ನಾನು ಕೆಳಗೆ ಸೇರಿಸಿ, ಇಬ್ಬರು ಹೆಂಗಸರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡೆ.

ಜೂನ್ ಎರಡನೇ ತಾರೀಖು ಹಳೆ ಬಾಕಿ, ಕೈಲಾಸಕ್ಕೆ ಹೋದಲ್ಲಿಂದ ಈಚಿನ ಪಿಂಚಣಿ, ಗಿರಿಭತ್ಯ ಎಲ್ಲವೂ ಒಟ್ಟಿಗೆ ಮಂಜೂರಾದವು. ಮೂರನೇ ತಾರೀಖು ಹೆಂಚು ಏರಿತು. ನಾಲ್ಕಕ್ಕೆ ಮಳೆ ಹಿಡಿಯಿತು. ಬದುಕಿದ್ದಾಗ ಏಳೂವರೆ ರೂಪಾಯಿ ತರಲು ಒದ್ದಾಡುತ್ತಿದ್ದ ದೇವೀರಪ್ಪನವರು ಈಗ ನಿಂತಲ್ಲೇ ತಿಂಗಳಿಗೆ ಎಂಟು ಮುಕ್ಕಾಲು ತರುತ್ತಿದ್ದರು.

ಸುದ್ದಿ ಹರಡಿತು. ಬೇಲೂರಿನಿಂದ ಲಲಿತಮ್ಮ ಎಂಬುವರು ಬಂದು, ನಿವೃತ್ತ ಶೇಕದಾರರಾಗಿದ್ದ ತಮ್ಮ ಯಜಮಾನರು ವೈಕುಂಠವಾಸಿಗಳಾಗಿದ್ದಾರೆ, ಅವರಿಗೇಕೆ ಗಿರಿಭತ್ಯ ಇಲ್ಲ, ಎಂದು ಕೇಳಿದರು. ವೈಕುಂಠ ಬೆಟ್ಟದ ಮೇಲಿಲ್ಲ. ಆದರೆ ಹಾಲಿನ ಸಮುದ್ರದ ದಡದಲ್ಲಿರುವುದರಿಂದ ಶೀತದ ಬಾಬ್ತು ಹದಿನಾಲ್ಕಾಣೆ ಕರಾವಳಿ ಭತ್ಯಕ್ಕೆ ಶಿಫಾರಸು ಮಾಡಿದೆವು. ಇದರಿಂದ ಶೈವರಿಗೂ ವೈಷ್ಣವರಿಗೂ ಆರಾಣೆಯ ವ್ಯತ್ಯಾಸ ಉಂಟಾಗಿ ಪೇಟೆಯಲ್ಲಿ ಒಂದು ಸಣ್ಣ ಗಲಾಟೆಯೂ ಆಯಿತು. ಬದುಕಿದ್ದ ಪಿಂಚಣಿದಾರರು ಮಾತ್ರ ಮೊದಲಿನಂತೆ ಜಗಲಿಯ ಬಿಸಿಲಲ್ಲಿ ನಿಂತು ಬದುಕಿದ್ದೇನೆಂದು ಕೂಗುತ್ತಿದ್ದರು.

ಆಗಸ್ಟಿನಲ್ಲಿ ಲೆಕ್ಕ ತನಿಖೆಯವರು ಬಂದರು. ಕಡತವನ್ನು ಮೂರು ದಿನ ಓದಿದರು. ಪಿಂಚಣಿ, ಭತ್ಯ, ಸರ್ವೇ ಖರ್ಚು ಎಲ್ಲ ಕ್ರಮವಾಗಿದೆ ಎಂದರು. ಒಂದೇ ಒಂದು ಲೋಪ ಸಿಕ್ಕಿತು. ಅದನ್ನು ಸರಿಪಡಿಸಲು ಹೊರಟ ಆಜ್ಞೆಯನ್ನು ನಾನೇ ದೇವೀರಪ್ಪನವರ ಮನೆಗೆ ಒಯ್ದು, ಹೊಸ ಹೆಂಚಿನ ಕೆಳಗೆ ಕೂತು, ಇಬ್ಬರು ಹೆಂಗಸರ ಮುಂದೆ ಓದಿದೆ:

"ಪಿಂಚಣಿದಾರರು ಹಳೇಬೀಡು ಕೈಲಾಸದಲ್ಲಿ ಜೀವಂತವಾಗಿ ನಿಂತಿರುವುದು ಅವರ ಪತ್ನಿ ಮತ್ತು ಅಕ್ಕ ಇವರ ಹೆಬ್ಬೆಟ್ಟಿನ ಸಾಕ್ಷ್ಯದಿಂದ ರುಜುವಾತಾಗಿರುತ್ತದೆ. ಹೀಗಿರುವಲ್ಲಿ ಸದರಿ ಪತ್ನಿಯವರು ಕುಂಕುಮ, ತಾಳಿ, ಬಳೆ ಮುಂತಾದ ಬಾಬ್ತುಗಳಿಲ್ಲದೆ ಕಚೇರಿಗೆ ಹಾಜರಾಗುತ್ತಿರುವುದು ದಾಖಲೆಗೆ ವಿರುದ್ಧವಾದ ಹೇಳಿಕೆಯಾಗುತ್ತದೆ. ಈ ಆಜ್ಞೆ ತಲುಪಿದ ಏಳು ದಿನಗಳೊಳಗೆ ಸದರಿ ಬಾಬ್ತುಗಳನ್ನು ಯಥಾಸ್ಥಾನದಲ್ಲಿ ಧರಿಸತಕ್ಕದ್ದು. ತಪ್ಪಿದಲ್ಲಿ ಪಿಂಚಣಿ ತಡೆಹಿಡಿಯಲಾಗುವುದು."

ರುದ್ರಮ್ಮ ತಲೆ ಎತ್ತಲಿಲ್ಲ. ಬಸಮ್ಮನವರ ಮುಖ ಕಲ್ಲಾಗಿತ್ತು. ಅವರು ಕೈ ಚಾಚಿ ಕಾಗದ ಇಸಕೊಂಡರು.

"ಸರ್ಕಾರದ್ದಾ ಇದು?"

"ಸರ್ಕಾರದ್ದೇ."

"ಮೊಹರು ಎಲ್ಲೈತೆ?"

ತೋರಿಸಿದೆ. ಬಸಮ್ಮ ಮೊಹರಿನ ಮೇಲೆ ಬೆರಳಾಡಿಸಿದರು. "ನಾನೂ ಹೆಬ್ಬೆಟ್ಟು ಒತ್ತಿದ್ನಲ್ಲ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಆಮೇಲೆ ಎದ್ದು ಒಳಗೆ ಹೋಗಿ ಕುಂಕುಮದ ಭರಣಿ ತಂದು ರುದ್ರಮ್ಮನ ಮುಂದೆ ಇಟ್ಟರು.

"ಇಟ್ಕಳವ್ವ," ಎಂದರು. "ಸರ್ಕಾರವೇ ಹೇಳಿದ್ ಮ್ಯಾಲೆ ನಾವ್ಯಾರು."

ಬಳೆಗಾರ ಬಂದು ಎರಡು ಕೈಗೂ ಹಸಿರು ಬಳೆ ತೊಡಿಸಿದ. ಅರಸೀಕೆರೆಯಲ್ಲಿ ಯಾರೂ ಒಂದು ಮಾತು ಎತ್ತಲಿಲ್ಲ. ಸರ್ಕಾರಿ ಆಜ್ಞೆಯಿಂದ ಮುತ್ತೈದೆಯಾದವರನ್ನು ಅರಿಶಿನ ಕುಂಕುಮಕ್ಕೆ ಕರೆಯದಿದ್ದರೆ ಜುಲ್ಮಾನೆ ಬೀಳಬಹುದೆಂದು ಮರುಳಪ್ಪ ಜಗಲಿಯಲ್ಲಿ ಕೂತು ಎಲ್ಲರಿಗೂ ಹೇಳಿದ್ದ. ಅದಕ್ಕೆ ಅವನು ಎಷ್ಟು ತೆಗೆದುಕೊಂಡನೋ ಗೊತ್ತಿಲ್ಲ. ಗೌರಿ ಹಬ್ಬದ ಹೊತ್ತಿಗೆ ನೆರೆಯವರು, ಯಜಮಾನರು ಹಬ್ಬಕ್ಕಾದರೂ ಬರುತ್ತಾರಾ ಎಂದು ವಿಚಾರಿಸುವಷ್ಟಾಯಿತು. ರಜೆ ಸಿಕ್ಕಿಲ್ಲ ಎಂದು ರುದ್ರಮ್ಮ ನಗುತ್ತ ಹೇಳುತ್ತಿದ್ದರು.

ಹಬ್ಬ ಕಳೆದು ಎಂಟು ದಿನಕ್ಕೆ, ಕಚೇರಿ ಮುಚ್ಚುವ ವೇಳೆಗೆ ಬಸಮ್ಮನವರು ಒಬ್ಬರೇ ಬಂದರು. ಮರುಳಪ್ಪನ ಕಡೆ ನೋಡದೆ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಇಂದುಧರಪ್ಪ, ಒಂದ್ ಮಾತು. ನಮ್ಮೋರು ಸರ್ಕಾರಿ ನೌಕ್ರಿನಾಗೆ ಇರ್ಲಿಲ್ಲ. ಮಂಡಿನಾಗೆ ಕಾಯಿ ಸುಲೀತಿದ್ರು. ಅವರು ಹೋದಾಗ ನಂಗೆ ಹತ್ತೊಂಬತ್ತು. ಕಾಸೇನೂ ಬ್ಯಾಡ ಕಣಪ್ಪ. ಅವರೂ ಅಲ್ಲೇ ಎಲ್ಲಾರ ನಿಂತವ್ರೇನೋ, ಬುಕ್ಕಿನಾಗೆ ಒಸಿ ನೋಡ್ತೀಯಾ?"

ನಾನು ಆರನೇ ನಮೂನೆ ತೆಗೆದೆ. ಹೆಸರನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಊಹಿಸುತ್ತ ಹೋಗಿ ಮೂರನೇದಕ್ಕೆ ತಲೆಯಾಡಿಸಿದರು. ಗುರುತಿನ ಚಿಹ್ನೆ ಏನು ಎಂದು ಕೇಳಿದೆ.

"ಮಖ ಮರ್ತೋಗೈತೆ," ಎಂದರು ಬಸಮ್ಮ. "ನಲವತ್ತೊರ್ಸ ಆಯ್ತಲ್ಲ. ಅದಿಲ್ದಿದ್ರೆ ಅರ್ಜಿ ನಡೆಯಕಿಲ್ವಾ?"

ನಡೆಯುತ್ತದೆ ಎಂದೆ. ಆ ಕಲಮಿನಲ್ಲಿ "ನೋಡಿದರೆ ಗೊತ್ತಾಗುತ್ತದೆ" ಎಂದು ಬರೆದು, ಅವರ ಹೆಬ್ಬೆಟ್ಟು ಒತ್ತಿಸಿ, ಅರ್ಜಿ ಕ್ರಮವಾಗಿದ್ದುದರಿಂದ ನಂಬರು ಹಾಕಿದೆ. ಹಳೇಬೀಡಿನ ಬಸ್ಸು ಬೆಳಿಗ್ಗೆ ಏಳು ಗಂಟೆಗೆ, ಸ್ವಲ್ಪ ಮುಂಚೆಯೇ ಬನ್ನಿ, ಎಂದು ಹೇಳಿ ಕಳಿಸಿದೆ.